ವಿಯು ಲೈಸೆನ್ಸ್ ಹಿಡಿದು ವಿದೇಶಕ್ಕೆ: ಹ್ಯಾಮ್‌ಗಳು ಯಾವ ದಾರಿ ಹಿಡಿಯಬೇಕು?

ಡೊಂಬಿವಲಿಯ ಹ್ಯಾಮ್ ಗೆಳೆಯನೊಬ್ಬ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವನು, ಮಳೆಗಾಲದ ಒಂದು ಭಾನುವಾರ ಮಾಟುಂಗಾಕ್ಕೆ ಬಂದಿದ್ದ. ಇಡ್ಲಿ ಮುಗಿಸಿ ಕಾಫಿಗೆ ಕಾಯುತ್ತಿದ್ದಾಗ ಬ್ಯಾಗಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಹರವಿದ. ಹನ್ನೆರಡು ದಿನದ ಯುರೋಪ್ ಟೂರು. ಲಂಡನ್, ಪ್ಯಾರಿಸ್, ಆಮೇಲೆ ಸ್ವಿಟ್ಜರ್ಲೆಂಡ್. ಪ್ರತಿ ಊರಿನ ಪಕ್ಕದಲ್ಲೂ ಪೆನ್ಸಿಲ್ಲಿನಲ್ಲಿ ಬರೆದಿದ್ದ: ಎಂ ಸ್ಟ್ರೋಕ್, ಎಫ್ ಸ್ಟ್ರೋಕ್, ಎಚ್‌ಬಿ9 ಸ್ಟ್ರೋಕ್. ಸ್ಟ್ರೋಕ್ ಅಂದರೆ ಓರೆಗೆರೆ, ವಿಯು ಅಂದರೆ ಭಾರತದ ಗುರುತು. ಲೈಸೆನ್ಸಿನ ಜೊತೆ ಸಿಕ್ಕ ತನ್ನ ವಿಯು3 ಕಾಲ್‌ಸೈನ್, ಅಂದರೆ ರೇಡಿಯೊ ಹೆಸರು, ಅದರ ಮುಂದೆ ಆ ದೇಶಗಳ ಗುರುತಿನ ಪ್ರಿಫಿಕ್ಸ್ ಹಾಕಿಕೊಂಡು ಮೂರು ದೇಶಗಳಿಂದ ಮಾತಾಡಬೇಕು ಅನ್ನುವ ಆಸೆ.

"ನೆಟ್‌ನಲ್ಲಿ ಎಲ್ಲಾ ಕಡೆ ಹೀಗೇ ಬರೆದಿದ್ದಾರೆ. ಸಿಇಪಿಟಿ ಅಂತ ಒಂದಿದೆಯಂತೆ, ಲೈಸೆನ್ಸ್ ಕಾಪಿ ಇದ್ರೆ ಸಾಕಂತೆ" ಅಂದ.

"ಅದು ನಮಗಿಲ್ಲ ಕಣೋ" ಅಂದೆ. ಪಾಪ, ಕಾಫಿ ಬಂದರೂ ಅವನು ಲೋಟ ಮುಟ್ಟಲಿಲ್ಲ.

ಅವನ ತಪ್ಪೇನೂ ಇಲ್ಲ. ವಿದೇಶದಲ್ಲಿ ಹ್ಯಾಮ್ ರೇಡಿಯೊ ಬಳಸುವ ಬಗ್ಗೆ ಸಿಗುವ ಮಾಹಿತಿ ಜಾಸ್ತಿ ಬರೆದಿರುವುದು ಯುರೋಪಿನವರು, ಅಮೆರಿಕದವರು. ಅವರ ಲೈಸೆನ್ಸಿಗೆ ತೆರೆಯುವ ಬಾಗಿಲು ನಮ್ಮ ಲೈಸೆನ್ಸಿಗೆ ತೆರೆಯುವುದಿಲ್ಲ. ಆದರೆ ನಮಗೂ ದಾರಿಗಳಿವೆ. ಒಂದಲ್ಲ, ನಾಲ್ಕೈದು. ಯಾವ ಪ್ರವಾಸಕ್ಕೆ ಯಾವುದು ಹೊಂದುತ್ತದೆ ಅಂತ ಅವತ್ತು ಅವನಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ. ಮುಂಬೈ, ಪುಣೆಯ ನಮ್ಮ ಕನ್ನಡದ ಹ್ಯಾಮ್‌ಗಳಲ್ಲಿ ಮಕ್ಕಳ ಮನೆಗೆ, ಆಫೀಸಿನ ಕೆಲಸಕ್ಕೆ, ಹಡಗಿನ ಡ್ಯೂಟಿಗೆ ಅಂತ ಹೊರದೇಶಕ್ಕೆ ಹೋಗುವವರು ಬಹಳ ಮಂದಿ. ಅವರಿಗೆ ಉಪಯೋಗವಾಗಲಿ.

ಮೊದಲು ಸಿಇಪಿಟಿ ವಿಷಯ ಮುಗಿಸಿಬಿಡೋಣ

ಸಿಇಪಿಟಿ ಅಂದರೆ ಯುರೋಪಿನ ದೇಶಗಳ ಅಂಚೆ ಮತ್ತು ದೂರಸಂಪರ್ಕ ಇಲಾಖೆಗಳ ಒಕ್ಕೂಟ. 1985ರಲ್ಲಿ ಅವರು ಟಿ/ಆರ್ 61-01 ಅನ್ನುವ ಒಂದು ಶಿಫಾರಸು ಮಾಡಿದರು. ಅದನ್ನು ಒಪ್ಪಿದ ಒಂದು ದೇಶದ ಹ್ಯಾಮ್, ಒಪ್ಪಿದ ಇನ್ನೊಂದು ದೇಶಕ್ಕೆ ಹೋದಾಗ ಮೂರು ತಿಂಗಳವರೆಗೆ ಅರ್ಜಿ, ಶುಲ್ಕ ಯಾವುದೂ ಇಲ್ಲದೆ ರೇಡಿಯೊ ಬಳಸಬಹುದು. ಜರ್ಮನಿಯಲ್ಲಿ ಡಿಎಲ್ ಸ್ಟ್ರೋಕ್, ಫ್ರಾನ್ಸಿನಲ್ಲಿ ಎಫ್ ಸ್ಟ್ರೋಕ್. ಯುರೋಪಿನ ಹೊರಗಿನ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಇಸ್ರೇಲ್ ಕೂಡ ಇದಕ್ಕೆ ಸೇರಿಕೊಂಡಿವೆ. ಭಾರತ ಸೇರಿಲ್ಲ. ಹಾಗಾಗಿ ನಮ್ಮ ಕೇಂದ್ರ ಸರ್ಕಾರದ ವೈರ್‌ಲೆಸ್ ವಿಭಾಗ ಡಬ್ಲ್ಯೂಪಿಸಿ ಕೊಟ್ಟ ಲೈಸೆನ್ಸ್ ಹಿಡಿದು ಪ್ಯಾರಿಸ್ಸಿನ ಹೋಟೆಲ್ ಬಾಲ್ಕನಿಯಲ್ಲಿ ತಂತಿ ಎಳೆದು ಎಫ್ ಸ್ಟ್ರೋಕ್ ಅಂತ ಕೂಗಿದರೆ ಅದು ಅಲ್ಲಿನ ಕಾನೂನಿನ ಪ್ರಕಾರ ಲೈಸೆನ್ಸ್ ಇಲ್ಲದ ಪ್ರಸಾರ. ವಿಯು2, ಅಂದರೆ ಜನರಲ್ ಗ್ರೇಡ್ ಆದರೂ ಅಷ್ಟೇ, ವಿಯು3, ಅಂದರೆ ಅದಕ್ಕಿಂತ ಕೆಳಗಿನ ರೆಸ್ಟ್ರಿಕ್ಟೆಡ್ ಗ್ರೇಡ್ ಆದರೂ ಅಷ್ಟೇ.

"ಹಾಗಿದ್ರೆ ಅಮೆರಿಕದ ಲೈಸೆನ್ಸ್ ಮಾಡಿಸಿಕೊಂಡು ಅದರ ಮೇಲೆ ಯುರೋಪಿಗೆ ಹೋಗ್ಬಹುದಲ್ವಾ?" ಅಂತ ಕೇಳುವವರಿದ್ದಾರೆ. ಒಳ್ಳೆಯ ಯೋಚನೆಯೇ. ಆದರೆ ಅಲ್ಲಿನ ನಿಯಂತ್ರಕ ಸಂಸ್ಥೆ ಎಫ್‌ಸಿಸಿ ಕೊಡುವ ಲೈಸೆನ್ಸಿನ ಮೇಲೆ ಸಿಇಪಿಟಿ ಸೌಲಭ್ಯ ಸಿಗುವುದು ಅಮೆರಿಕದ ಪ್ರಜೆಗಳಿಗೆ ಮಾತ್ರ. ಭಾರತದ ಪಾಸ್‌ಪೋರ್ಟ್ ಇರುವವರು ಅಲ್ಲಿನ ಅತಿ ಮೇಲಿನ ಎಕ್ಸ್‌ಟ್ರಾ ಕ್ಲಾಸ್ ಪಾಸಾದರೂ ಆ ಬಾಗಿಲು ಮುಚ್ಚಿಯೇ ಇರುತ್ತದೆ. ಇದು ತಿಳಿಯದೆ ಹೋದವರಿದ್ದಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಅಮೆರಿಕಕ್ಕೆ ಹೋಗುವವರಿಗೆ ಎರಡು ದಾರಿ

ಇಲ್ಲಿ ನಮ್ಮ ಅದೃಷ್ಟ ಚೆನ್ನಾಗಿದೆ. ಭಾರತಕ್ಕೂ ಅಮೆರಿಕಕ್ಕೂ ಪರಸ್ಪರ ಒಪ್ಪಂದ ಇದೆ. ನಾವು ಇದನ್ನು ರೆಸಿಪ್ರೊಕಲ್ ಅಂತಲೇ ಕರೆಯುತ್ತೇವೆ. ಅರ್ಜಿ ಹಾಕಬೇಕಿಲ್ಲ, ಹಣ ಕಟ್ಟಬೇಕಿಲ್ಲ. ಭಾರತದ ಲೈಸೆನ್ಸಿನ ಮೂಲ ಪ್ರತಿಯೂ ಪಾಸ್‌ಪೋರ್ಟೂ ಜೊತೆಗಿದ್ದರೆ ಆಯಿತು. ಕಾಲ್‌ಸೈನ್ ಮುಂದೆ ಡಬ್ಲ್ಯೂ ಅಕ್ಷರ, ಆ ಜಾಗದ ವಲಯದ ಅಂಕಿ, ಆಮೇಲೆ ಸ್ಟ್ರೋಕ್. ನ್ಯೂಜೆರ್ಸಿಯಲ್ಲಿ ಮಗಳ ಮನೆಯಿದ್ದರೆ ಡಬ್ಲ್ಯೂ2 ಸ್ಟ್ರೋಕ್ ವಿಯು2 ಇತ್ಯಾದಿ. ಟೆಕ್ಸಸ್ ಆದರೆ ಡಬ್ಲ್ಯೂ5, ಕ್ಯಾಲಿಫೋರ್ನಿಯಾ ಆದರೆ ಡಬ್ಲ್ಯೂ6. ಪ್ರತಿ ಸಂಪರ್ಕದಲ್ಲಿ ಒಮ್ಮೆಯಾದರೂ ಯಾವ ಊರು, ಯಾವ ರಾಜ್ಯ ಅಂತ ಇಂಗ್ಲಿಷಿನಲ್ಲಿ ಹೇಳಬೇಕು.

ಇಷ್ಟು ಕೇಳಿ ಖುಷಿಪಟ್ಟು ಎದ್ದುಬಿಡಬೇಡಿ. ಕಷ್ಟ ಇರುವುದು ಬ್ಯಾಂಡಿನಲ್ಲಿ, ಅಂದರೆ ಹ್ಯಾಮ್‌ಗಳಿಗೆ ಬಿಟ್ಟುಕೊಟ್ಟ ರೇಡಿಯೊ ತರಂಗಗಳ ಪಟ್ಟಿಗಳಲ್ಲಿ. ರೆಸಿಪ್ರೊಕಲ್‌ನಲ್ಲಿ ಎರಡೂ ಕಡೆಯ ಷರತ್ತು ಅನ್ವಯಿಸುತ್ತದೆ. ಭಾರತದ ಲೈಸೆನ್ಸ್ ಕೊಟ್ಟಿದ್ದಕ್ಕಿಂತ ಜಾಸ್ತಿ ಇಲ್ಲ, ಅಮೆರಿಕದ ಎಕ್ಸ್‌ಟ್ರಾ ಕ್ಲಾಸಿಗೆ ಇರುವುದಕ್ಕಿಂತಲೂ ಜಾಸ್ತಿ ಇಲ್ಲ. ಎರಡು ವೃತ್ತ ಬರೆದು ನಡುವೆ ಸೇರುವ ಭಾಗ ನೋಡಿದ ಹಾಗೆ. 40 ಮೀಟರ್ ಬ್ಯಾಂಡ್ ತೆಗೆದುಕೊಳ್ಳಿ. ನಮಗೆ ಇಲ್ಲಿ 7.000ದಿಂದ 7.200 ಮೆಗಾಹರ್ಟ್ಸ್. ಬೆಳಿಗ್ಗೆ ಚಹಾ ಹೊತ್ತಿಗೆ 7.060ರ ಆಸುಪಾಸಿನಲ್ಲಿ ಮಾತಾಡಿ ನಮಗೆಲ್ಲ ಅಭ್ಯಾಸ. ಅಮೆರಿಕದ ಮುಖ್ಯ ಭೂಭಾಗದಲ್ಲಿ ಅದೇ ಜಾಗದಲ್ಲಿ ಮೈಕ್ ಒತ್ತಿದರೆ ತಪ್ಪು, ಯಾಕೆಂದರೆ ಅಲ್ಲಿ ಮಾತು ಶುರುವಾಗುವುದೇ 7.125ರಿಂದ. ಮೇಲೆ ಅವರಿಗೆ 7.300ರವರೆಗೆ ಇದೆ, ನಮಗೆ 7.200ಕ್ಕೆ ಮುಗಿಯಿತು. ಅಂದರೆ ರೆಸಿಪ್ರೊಕಲ್‌ನಲ್ಲಿ ಹೋದವರಿಗೆ ಮಾತಿಗೆ ಉಳಿಯುವುದು 7.125ರಿಂದ 7.200, ಅಷ್ಟೇ. 20 ಮೀಟರಿನಲ್ಲಿ ಮಾತು 14.150ರಿಂದ ಮೇಲೆ.

2 ಮೀಟರಿನಲ್ಲಿ ಇನ್ನೂ ಕಷ್ಟ. ನಮಗೆ 144ರಿಂದ 146. ಅವರಿಗೆ 144ರಿಂದ 148. ಅಲ್ಲಿನವರು ಒಬ್ಬರನ್ನೊಬ್ಬರು ನೇರವಾಗಿ ಕರೆಯುವ ಎಫ್‌ಎಂ ಸಿಂಪ್ಲೆಕ್ಸ್ ಕಾಲಿಂಗ್ ಫ್ರೀಕ್ವೆನ್ಸಿ 146.520, ನಮ್ಮ ಗಡಿಯಾಚೆ. ದನಿಯನ್ನು ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ರಿಪೀಟರ್‌ಗಳೂ ಬಹಳಷ್ಟು 146ರ ಮೇಲೇ ಇವೆ. ಹ್ಯಾಂಡಿ, ಅಂದರೆ ಕೈಯಲ್ಲಿ ಹಿಡಿಯುವ ಸಣ್ಣ ರೇಡಿಯೊ ಹಿಡಿದು ಸಂಜೆ ವಾಕಿಂಗ್ ಹೋಗುವಾಗ ಅಲ್ಲಿನವರ ಜೊತೆ ಮಾತಾಡೋಣ ಅಂತ ಹೋದವರಿಗೆ ಇದರಿಂದ ಬೇಸರವಾಗುತ್ತದೆ.

ಅದಕ್ಕೇ ಎರಡನೇ ದಾರಿ: ಅಮೆರಿಕದ ಲೈಸೆನ್ಸನ್ನೇ ಮಾಡಿಸಿಕೊಳ್ಳುವುದು. ಪ್ರಜೆಯಾಗಿರಬೇಕು ಅನ್ನುವ ನಿಯಮ ಇಲ್ಲ. ಬೇರೆ ಸರ್ಕಾರದ ಪ್ರತಿನಿಧಿ ಆಗಿರಬಾರದು, ಅಮೆರಿಕದಲ್ಲಿ ಒಂದು ಅಂಚೆ ವಿಳಾಸ ಬೇಕು, ಒಂದು ಇಮೇಲ್ ಬೇಕು. ಮಗನ ಮನೆಯ ವಿಳಾಸ ನಡೆಯುತ್ತದೆ, ಆದರೆ ಅಲ್ಲಿಗೆ ಬಂದ ಪತ್ರ ನಿಮ್ಮ ಕೈಸೇರುವಂತಿರಬೇಕು. ಪರೀಕ್ಷೆ ಮೂರು ಹಂತ. ಟೆಕ್ನಿಷಿಯನ್‌ಗೆ 35 ಪ್ರಶ್ನೆ, ಜನರಲ್‌ಗೆ 35, ಎರಡರಲ್ಲೂ 26 ಸರಿಯಾದರೆ ಪಾಸು. ಎಕ್ಸ್‌ಟ್ರಾಗೆ 50 ಪ್ರಶ್ನೆ, 37 ಸರಿಯಾಗಬೇಕು. ಪ್ರಶ್ನೆಗಳ ಭಂಡಾರ ಉತ್ತರದ ಸಮೇತ ಎಲ್ಲರಿಗೂ ಸಿಗುತ್ತದೆ. ಮೋರ್ಸ್ ಕೋಡ್ ಪರೀಕ್ಷೆ ಇಲ್ಲ, ಅದನ್ನು ಅವರು 2007ರಲ್ಲೇ ತೆಗೆದರು. ಸ್ವಯಂಸೇವಕರ ತಂಡಗಳು ಪರೀಕ್ಷೆ ನಡೆಸುತ್ತವೆ. ಮನೆಯಲ್ಲೇ ಕೂತು ವಿಡಿಯೊ ಮೂಲಕ ಬರೆಯಲು ಬಿಡುವ ತಂಡಗಳೂ ಇವೆ. ಕೋಣೆಯ ನಾಲ್ಕೂ ಗೋಡೆ, ಮೇಜಿನ ಕೆಳಗೆ, ಎಲ್ಲ ಕ್ಯಾಮೆರಾದಲ್ಲಿ ತೋರಿಸಬೇಕು. ಪಾಸಾದ ಮೇಲೆ ಎಫ್‌ಸಿಸಿಗೆ 35 ಡಾಲರ್ ಶುಲ್ಕ. ನಿಮ್ಮ ಕಾಲ್‌ಸೈನ್ ಅವರ ಆನ್‌ಲೈನ್ ಪಟ್ಟಿಯಲ್ಲಿ ಬಂದ ಕ್ಷಣದಿಂದ ಮಾತಾಡಬಹುದು. ಹತ್ತು ವರ್ಷ ನಡೆಯುತ್ತದೆ.

ಆದರೆ ಇಲ್ಲೊಂದು ಬಲೆ ಇದೆ. ಎಫ್‌ಸಿಸಿ ಲೈಸೆನ್ಸ್ ಕೈಗೆ ಬಂದ ಕೂಡಲೇ ರೆಸಿಪ್ರೊಕಲ್ ಸೌಲಭ್ಯ ಹೋಗುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವಂತಿಲ್ಲ. ನೀವು ಇಲ್ಲಿ ವಿಯು2, 20 ಮೀಟರಿನಲ್ಲಿ ದಿನಾ ಮಾತಾಡುವವರು ಅಂತಿಟ್ಟುಕೊಳ್ಳಿ. ಅಲ್ಲಿಗೆ ಹೋಗಿ ಸುಮ್ನೆ ಟೆಕ್ನಿಷಿಯನ್ ಒಂದನ್ನೇ ಪಾಸು ಮಾಡಿಕೊಂಡರೆ ದೂರದೇಶಗಳಿಗೆ ತಲುಪುವ ಎಚ್‌ಎಫ್ ಬ್ಯಾಂಡ್‌ಗಳಲ್ಲಿ ಮಾತಿಗೆ ಉಳಿಯುವುದು 10 ಮೀಟರಿನ 28.300ರಿಂದ 28.500 ತುಂಡು ಮಾತ್ರ. 20 ಮೀಟರ್ ಕೈಬಿಟ್ಟು ಹೋಯಿತು. ಇದ್ದ ಸೌಲಭ್ಯವನ್ನು ಪರೀಕ್ಷೆ ಪಾಸು ಮಾಡಿ ಕಳೆದುಕೊಂಡ ಹಾಗೆ. ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ: ಬರೆಯುವುದಾದರೆ ಜನರಲ್‌ವರೆಗೆ ಬರೆಯಿರಿ, ಇಲ್ಲದಿದ್ದರೆ ಬರೆಯಲೇ ಬೇಡಿ. ಒಂದೇ ಕೂತಲ್ಲಿ ಎರಡನ್ನೂ ಬರೆಯಬಹುದು. ಎರಡು ವಾರಕ್ಕೆ ಹೋಗುವವರಿಗೆ ರೆಸಿಪ್ರೊಕಲ್ ಸಾಕು. ವರ್ಷಕ್ಕೊಮ್ಮೆ ಮೂರು ನಾಲ್ಕು ತಿಂಗಳು ಮಕ್ಕಳ ಮನೆಯಲ್ಲಿ ಇರುವವರು, ಆಫೀಸಿನವರು ಎರಡು ವರ್ಷಕ್ಕೆ ಕಳಿಸಿದವರು ಜನರಲ್ ಮಾಡಿಕೊಳ್ಳಲೇಬೇಕು.

ಇಲ್ಲಿ ವಿಯು3 ಆಗಿರುವವರಿಗೆ ಈ ಲೆಕ್ಕ ಇನ್ನೂ ಒಲಿಯುತ್ತದೆ. ರೆಸಿಪ್ರೊಕಲ್‌ನಲ್ಲಿ ಹೋದರೆ ನಿಮ್ಮ ರೆಸ್ಟ್ರಿಕ್ಟೆಡ್ ಗ್ರೇಡಿನ ಮಿತಿಗಳೂ ನಿಮ್ಮ ಜೊತೆ ವಿಮಾನ ಹತ್ತುತ್ತವೆ. ಎಫ್‌ಸಿಸಿ ಜನರಲ್‌ಗೆ ಆ ಮಿತಿ ಇಲ್ಲ. ಅಂದಹಾಗೆ, ಆ ಲೈಸೆನ್ಸ್ ಇಟ್ಟುಕೊಂಡು ಮುಂಬೈಗೆ ವಾಪಸ್ ಬಂದ ಮೇಲೆ ಇಲ್ಲಿ ಅದು ನಡೆಯುವುದಿಲ್ಲ, ಇಲ್ಲಿ ನಿಮ್ಮ ವಿಯು ಕಾಲ್‌ಸೈನೇ.

ಇನ್ನೊಂದು ಮಾತು ಮನೆಯವರ ಬಗ್ಗೆ. ಅಮೆರಿಕದ ಹ್ಯಾಮ್ ಒಬ್ಬರು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಲೈಸೆನ್ಸ್ ಇಲ್ಲದವರಿಗೂ ಮೈಕ್ ಕೊಡಬಹುದು. ಆದರೆ ಬೇರೆ ದೇಶದ ಸ್ಟೇಷನ್ ಜೊತೆ ಹಾಗೆ ಮಾತಾಡಿಸಬೇಕಾದರೆ ಆ ದೇಶದೊಂದಿಗೆ ಪ್ರತ್ಯೇಕ ಒಪ್ಪಂದ ಬೇಕು. ಭಾರತ ಆ ಪಟ್ಟಿಯಲ್ಲಿಲ್ಲ. ಮೊಮ್ಮಗಳ ಕೈಗೆ ಮೈಕ್ ಕೊಟ್ಟು "ಮುಂಬೈ ಅಜ್ಜನಿಗೆ ಹಲೋ ಹೇಳು ಪುಟ್ಟಿ" ಅನ್ನುವ ಆಸೆ ಬಂದರೆ ತಡೆದುಕೊಳ್ಳಿ. ಅವಳಿಗೆ ಲೈಸೆನ್ಸ್ ಮಾಡಿಸಿ. ಅಲ್ಲಿ ವಯಸ್ಸಿನ ಮಿತಿಯೇ ಇಲ್ಲ.

ಮಾಲ್ಡೀವ್ಸ್, ಶ್ರೀಲಂಕಾ: ಅತಿಥಿಗೊಂದು ಹೊಸ ಕಾಲ್‌ಸೈನ್

ನನ್ನನ್ನು ಕೇಳಿದರೆ ಮೊದಲ ಸಲ ಹೊರದೇಶದಿಂದ ಮಾತಾಡುವವರಿಗೆ ಇದೇ ಒಳ್ಳೆಯ ದಾರಿ. ಮಾಲ್ಡೀವ್ಸ್‌ನಲ್ಲಿ ಕಮ್ಯುನಿಕೇಷನ್ಸ್ ಅಥಾರಿಟಿಗೆ ಮುಂಚಿತವಾಗಿ ಅರ್ಜಿ ಕಳಿಸಬೇಕು. ನಿಮ್ಮ ಲೈಸೆನ್ಸ್, ಪಾಸ್‌ಪೋರ್ಟ್ ಪ್ರತಿ, ರಿಗ್ಗಿನ (ರೇಡಿಯೊ ಸೆಟ್ಟಿನ) ವಿವರ, ಯಾವ ದ್ವೀಪದಲ್ಲಿ ಎಷ್ಟು ದಿನ ಇರುತ್ತೀರಿ ಅನ್ನುವುದು. ಒಪ್ಪಿದರೆ 8ಕ್ಯೂ7 ಅಂತ ಶುರುವಾಗುವ ಕಾಲ್‌ಸೈನ್ ಕೊಡುತ್ತಾರೆ. ಶ್ರೀಲಂಕಾದಲ್ಲಿ ಟೆಲಿಕಮ್ಯುನಿಕೇಷನ್ಸ್ ರೆಗ್ಯುಲೇಟರಿ ಕಮಿಷನ್ ಹೀಗೇ ತಾತ್ಕಾಲಿಕ ಲೈಸೆನ್ಸ್ ಕೊಡುತ್ತದೆ, ಅಲ್ಲಿನ ಪ್ರಿಫಿಕ್ಸ್ 4ಎಸ್7. ವೀಸಾ ಟಿಕೆಟ್ ಮಾಡಿದ ವಾರವೇ ಅರ್ಜಿ ಹಾಕಿ. ಹೊರಡುವ ಹಿಂದಿನ ವಾರ ನೆನಪಾದರೆ ಆಗುವ ಕೆಲಸ ಅಲ್ಲ ಇದು.

ನಾನು ಮಾಲ್ಡೀವ್ಸ್‌ಗೆ ಹೋದದ್ದು ಹೆಂಡತಿಯ ಜೊತೆ ಐದು ದಿನಕ್ಕೆ. ರಿಸಾರ್ಟ್ ಅಲ್ಲ, ಊರಿನ ಜನ ಇರುವ ಒಂದು ಸಣ್ಣ ದ್ವೀಪದ ಗೆಸ್ಟ್‌ಹೌಸ್. ರಿಗ್ ಅಂದರೆ ಒಂದು ಎಫ್‌ಟಿ-818, 6 ವಾಟ್. ಆಂಟೆನಾ ಅಂದರೆ ಸುಮಾರು 5 ಮೀಟರ್ ತಂತಿ, ಕೆಳಗೆ ಮರಳ ಮೇಲೆ ಹಾಸಿದ ನಾಲ್ಕು ತಂತಿ. ಮಾಲೀಕರನ್ನು ಕೇಳಿ, ನೀರಿಗೆ ಹತ್ತು ಹೆಜ್ಜೆ ದೂರದ ತೆಂಗಿನ ಮರಕ್ಕೆ ಕಲ್ಲು ಕಟ್ಟಿದ ನೈಲಾನ್ ದಾರ ಎಸೆದೆ. ಮೂರನೇ ಎಸೆತಕ್ಕೆ ಗರಿಯ ಮೇಲೆ ಬಿತ್ತು. ಉಪ್ಪು ನೀರಿನ ದಡದಲ್ಲಿ ನೆಟ್ಟಗೆ ನಿಲ್ಲಿಸಿದ ತಂತಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನುವುದನ್ನು ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ. ನಮ್ಮ ಸೊಸೈಟಿಯ ಟೆರೇಸಿನಲ್ಲಿ ನೀರಿನ ಟ್ಯಾಂಕು, ಡಿಶ್ಶುಗಳ ನಡುವೆ 100 ವಾಟ್ ಹಾಕಿದರೂ ಸಿಗದ ಸ್ಟೇಷನ್‌ಗಳು ಅಲ್ಲಿ 6 ವಾಟಿಗೆ ತಿರುಗಿ ಉತ್ತರ ಕೊಟ್ಟವು. ಸಂಜೆ ಐದೂವರೆಗೆ ಇಟಲಿಯವರೊಬ್ಬರು, ಆಮೇಲೆ ಜಪಾನಿನವರು ಸಾಲುಗಟ್ಟಿದರು. ಅವರ ಮಧ್ಯೆ ಪುಣೆಯ ಒಬ್ಬರ ದನಿ. ನನ್ನ ಹೆಸರು ಹೇಳಿದ ಕೂಡಲೇ "ಅಯ್ಯೋ, ನೀವಾ ಮಾರಾಯ್ರೇ!" ಅಂದರು. ಕನ್ನಡ ಕೇಳಿ ಹೆಂಡತಿಯೂ ಕುರ್ಚಿ ಎಳೆದುಕೊಂಡು ಬಂದು ಕೂತಳು.

ಸ್ವಂತ ಕಾಲ್‌ಸೈನ್ ಸಿಗುವುದರಲ್ಲಿ ಇನ್ನೊಂದು ಲಾಭವೂ ಇದೆ. ಕಂಪ್ಯೂಟರ್ ಮೂಲಕ ಪುಟ್ಟ ಸಂದೇಶ ಕಳಿಸುವ ಎಫ್‌ಟಿ8 ಬಳಸುವವರು ಗಮನಿಸಿ. ಡಬ್ಲ್ಯೂ2 ಸ್ಟ್ರೋಕ್ ವಿಯು2 ತರಹದ ಉದ್ದದ ಕಾಲ್‌ಸೈನ್ ಎಫ್‌ಟಿ8ರ ಪುಟ್ಟ ಸಂದೇಶದಲ್ಲಿ ಸರಿಯಾಗಿ ಹಿಡಿಸುವುದಿಲ್ಲ. ಅದರ ಜೊತೆ ಗ್ರಿಡ್, ಅಂದರೆ ನೀವಿರುವ ಜಾಗದ ಸಂಕೇತ ಕಳಿಸಲು ಆಗುವುದಿಲ್ಲ, ಆಚೆಯವರಿಗೂ ಗೊಂದಲ. 8ಕ್ಯೂ7 ಮತ್ತೆರಡು ಅಕ್ಷರ ಆದರೆ ಯಾವ ತೊಂದರೆಯೂ ಇಲ್ಲದೆ ಹೋಗುತ್ತದೆ. ಗ್ರಿಡ್ ಬದಲಾಯಿಸಲು ಮಾತ್ರ ಮರೆಯಬೇಡಿ. ಮಾಟುಂಗಾದ ಎಂಕೆ69 ಹಾಗೇ ಉಳಿದು, ಮೊದಲ ಅರ್ಧ ಗಂಟೆಯ ಸಂಪರ್ಕಗಳೆಲ್ಲ ತಪ್ಪು ಜಾಗದಿಂದ ದಾಖಲಾದ ಅನುಭವ ನನಗಿದೆ. ಸಂಪರ್ಕಗಳನ್ನು ಆನ್‌ಲೈನ್‌ನಲ್ಲಿ ಖಚಿತಪಡಿಸುವ ಲಾಗ್‌ಬುಕ್ ಆಫ್ ದ ವರ್ಲ್ಡ್‌ನಲ್ಲಿ ಹೊಸ ಕಾಲ್‌ಸೈನ್‌ಗೆ ಬೇರೆ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ಲಾಗ್‌ನಲ್ಲಿ ಬರೆಯುವ ಸಮಯ ಯುಟಿಸಿ, ಅಂದರೆ ಅಂತರರಾಷ್ಟ್ರೀಯ ಸಮಯದಲ್ಲೇ ಇರಲಿ.

ರಿಗ್ ಇಲ್ಲದೆ ಹೋಗುವ ದಾರಿ

ಹನ್ನೆರಡು ದಿನದಲ್ಲಿ ಮೂರು ದೇಶ ಸುತ್ತುವ ಡೊಂಬಿವಲಿಯ ಗೆಳೆಯನಿಗೆ ನಾನು ಹೇಳಿದ್ದು ಇದನ್ನೇ. ರೇಡಿಯೊ ಮನೆಯಲ್ಲಿರಲಿ, ಲೈಸೆನ್ಸ್ ಕಾಪಿ ಮಾತ್ರ ತೆಗೆದುಕೊಂಡು ಹೋಗು. ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ರೈಲು ಹಿಡಿದರೆ ಒಂದು ಗಂಟೆಯೊಳಗೆ ಬ್ಲೆಚ್ಲಿ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಎನಿಗ್ಮಾ ಸಂಕೇತ ಬಿಡಿಸಿದ ಬ್ಲೆಚ್ಲಿ ಪಾರ್ಕ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ. ಅದರೊಳಗೆ ಬ್ರಿಟನ್ನಿನ ಹ್ಯಾಮ್ ಸಂಘ ಆರ್‌ಎಸ್‌ಜಿಬಿಯ ನ್ಯಾಷನಲ್ ರೇಡಿಯೊ ಸೆಂಟರ್ ಇದೆ. ಅಲ್ಲಿನ ಜಿಬಿ3ಆರ್‌ಎಸ್ ಸ್ಟೇಷನ್‌ನಲ್ಲಿ ಲೈಸೆನ್ಸ್ ತೋರಿಸಿದ ಹ್ಯಾಮ್‌ಗಳಿಗೆ ಕೂತು ಮಾತಾಡಲು ಅವಕಾಶ ಕೊಡುತ್ತಾರೆ. ಹೋಗುವ ಮುಂಚೆ ಒಂದು ಇಮೇಲ್ ಹಾಕಿ ದಿನ, ಸಮಯ ಕೇಳಿಕೊಳ್ಳಿ.

ಅಮೆರಿಕದಲ್ಲಿ ಇಂಥದ್ದೇ ಜಾಗ ಕನೆಕ್ಟಿಕಟ್ ರಾಜ್ಯದ ನ್ಯೂಯಿಂಗ್ಟನ್. ಎಆರ್‌ಆರ್‌ಎಲ್ ಸಂಘದ ಡಬ್ಲ್ಯೂ1ಎಡಬ್ಲ್ಯೂ ಸ್ಟೇಷನ್ ಅಲ್ಲಿದೆ. ಆ ಕಾಲ್‌ಸೈನ್ ಕಿವಿಗೆ ಬೀಳದ ಹ್ಯಾಮ್ ಯಾರಿದ್ದಾರೆ? ಲೈಸೆನ್ಸ್ ಪ್ರತಿ ಜೊತೆಗಿದ್ದರೆ ಅತಿಥಿಗಳೂ ಅಲ್ಲಿ ಕೂತು ಮಾತಾಡಬಹುದು. ನ್ಯೂಜೆರ್ಸಿಯಲ್ಲಿ ಮಕ್ಕಳಿರುವವರಿಗೆ ಕಾರಿನಲ್ಲಿ ಹೋಗಿಬರುವ ದೂರ. ಮೇ ತಿಂಗಳಲ್ಲಿ ಒಹಾಯೊದ ಜೀನಿಯಾದಲ್ಲಿ ಹ್ಯಾಮ್‌ವೆನ್ಷನ್ ಜಾತ್ರೆ ಇರುತ್ತದೆ, ಟಿಕೆಟ್ ಮಾಡುವಾಗ ಅದನ್ನೂ ನೋಡಿಕೊಳ್ಳಿ.

ಈ ದಾರಿಯಲ್ಲಿ ಕಸ್ಟಮ್ಸ್ ಕಾಟವಿಲ್ಲ, ಬ್ಯಾಟರಿ ಲೆಕ್ಕವಿಲ್ಲ. ಹೊಸ ಗೆಳೆಯರು ಸಿಗುತ್ತಾರೆ. ಕೊರತೆ ಒಂದೇ: ಗಾಳಿಯಲ್ಲಿ ಹೋಗುವುದು ಅವರ ಕಾಲ್‌ಸೈನ್, ನಿಮ್ಮದಲ್ಲ. ಅತಿಥಿಗೆ ಮೈಕ್ ಕೊಡುವ ನಿಯಮ ಪ್ರತಿ ದೇಶದಲ್ಲೂ ಬೇರೆ ಬೇರೆ. ಹಾಗಾಗಿ ಯಾರೋ ಒಬ್ಬರ ಮನೆಗೆ ಹೋದಾಗ ಅವರು ಕೊಡುವವರೆಗೆ ನೀವಾಗಿ ಕೇಳಬೇಡಿ.

ಜಪಾನಿಗೂ ಇದೇ ದಾರಿ. ಅವರ ರೆಸಿಪ್ರೊಕಲ್ ಪಟ್ಟಿ ಚಿಕ್ಕದು, ಅದರಲ್ಲಿ ಭಾರತ ಇಲ್ಲ.

ಇಂಟರ್ನೆಟ್ ಮೂಲಕ ಹ್ಯಾಮ್‌ಗಳನ್ನು ಸೇರಿಸುವ ಎಕೋಲಿಂಕ್ ಆ್ಯಪನ್ನು ಫೋನಿನಲ್ಲಿ ಹಾಕಿಕೊಂಡು ಮಾತಾಡುವುದು ಇನ್ನೂ ಸುಲಭ, ಯಾಕೆಂದರೆ ನಿಮ್ಮ ಫೋನ್ ಹ್ಯಾಮ್ ಬ್ಯಾಂಡಿನಲ್ಲಿ ಏನನ್ನೂ ಪ್ರಸಾರ ಮಾಡುವುದಿಲ್ಲ. ಆದರೆ ಡಿಜಿಟಲ್ ಹ್ಯಾಂಡಿಯನ್ನು ಇಂಟರ್ನೆಟ್ಟಿಗೆ ಜೋಡಿಸುವ ಡಿಎಂಆರ್ ಹಾಟ್‌ಸ್ಪಾಟ್ ಹಾಗಲ್ಲ. ಬೆಂಕಿಪೆಟ್ಟಿಗೆಯಷ್ಟು ಇದ್ದರೂ, 10 ಮಿಲಿವಾಟ್ ಆದರೂ ಅದು ಟ್ರಾನ್ಸ್‌ಮಿಟರೇ. ಹೋಟೆಲ್ ಕೋಣೆಯೊಳಗೆ ಯಾರಿಗೆ ಗೊತ್ತಾಗುತ್ತೆ ಅನ್ನುವ ಮಾತು ಬೇಡ. ಲೈಸೆನ್ಸ್ ಇರುವ ನಾವು ಹಾಗೆ ಮಾಡಿದರೆ ನಾಳೆ ಒಪ್ಪಂದ ಮಾಡಿಕೊಳ್ಳಿ ಅಂತ ಯಾವ ಮುಖ ಇಟ್ಟುಕೊಂಡು ಕೇಳುವುದು? ಕೇಳುವುದಷ್ಟೇ ಸಾಕು ಅನ್ನುವವರಿಗೆ ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ ಇದೆ. ಬ್ರೌಸರ್ ತೆರೆದು ಎಲ್ಲಿಂದ ಬೇಕಾದರೂ ಎಚ್‌ಎಫ್ ಕೇಳಬಹುದು.

ಕೊಲ್ಲಿ, ನೇಪಾಳ, ಹಡಗು

ನಮ್ಮವರು ಜಾಸ್ತಿ ಹೋಗುವುದು ಕೊಲ್ಲಿ ದೇಶಗಳಿಗೆ. ಅಲ್ಲಿ ನನ್ನ ಸಲಹೆ ಕಟ್ಟುನಿಟ್ಟು: ಕೈಯಲ್ಲಿ ಅನುಮತಿ ಪತ್ರ ಇಲ್ಲದೆ ಯಾವ ಟ್ರಾನ್ಸ್‌ಮಿಟರನ್ನೂ ಒಯ್ಯಬೇಡಿ. ಯುಎಇಯಲ್ಲಿ ರೇಡಿಯೊ ಸಾಧನ ಒಳಗೆ ತರಲು ಅಲ್ಲಿನ ನಿಯಂತ್ರಕರಾದ ಟಿಡಿಆರ್‌ಎಯ ಅನುಮತಿ ಬೇಕು. ಹಲವು ವರ್ಷಗಳ ಹಿಂದೆ ಕೊಲ್ಲಿಯ ಒಂದು ವಿಮಾನ ನಿಲ್ದಾಣದಲ್ಲಿ ನನ್ನ ಹ್ಯಾಂಡಿ ಹಿಡಿದಿಟ್ಟುಕೊಂಡರು. ಅಧಿಕಾರಿ ಸಭ್ಯವಾಗಿಯೇ ಮಾತಾಡಿದರು. ನನ್ನ ವಿಯು ಲೈಸೆನ್ಸನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಿಮ್ಮ ದೇಶದ್ದು, ನಮ್ಮದು ಎಲ್ಲಿ?" ಅಂತ ಕೇಳಿದರು. ಒಂದು ಹಳದಿ ರಸೀದಿ ಕೊಟ್ಟರು. ವಾಪಸ್ ಹೊರಡುವ ದಿನ ಆ ಕೌಂಟರ್ ಬೇರೆ ಟರ್ಮಿನಲ್‌ನಲ್ಲಿತ್ತು, ವಿಮಾನಕ್ಕೆ ಹೊತ್ತಾಗಿತ್ತು. ಹ್ಯಾಂಡಿ ಅಲ್ಲೇ ಉಳಿಯಿತು. ಅದು ನನ್ನ ಮೊದಲ ರೇಡಿಯೊ. ಬೊರಿವಲಿಯ ಗೊರಾಯಿ ರಸ್ತೆಯ ಮಾನಿಟರಿಂಗ್ ಸ್ಟೇಷನ್‌ನಲ್ಲಿ ಪರೀಕ್ಷೆ ಬರೆದು ಪಾಸಾದ ವರ್ಷ ಕೊಂಡದ್ದು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಆದರೆ ಅವರನ್ನು ದೂರುವುದು ಸರಿಯಲ್ಲ. ನಮ್ಮ ದೇಶವೂ ಹಾಗೇ ಮಾಡುತ್ತದೆ. 2024ರ ಡಿಸೆಂಬರ್‌ನಲ್ಲಿ ಗೋವಾದ ವಿಮಾನ ನಿಲ್ದಾಣದಲ್ಲಿ ಗಾರ್ಮಿನ್‌ನ ಸ್ಯಾಟಲೈಟ್ ಸಾಧನ ಬ್ಯಾಗಿನಲ್ಲಿಟ್ಟುಕೊಂಡಿದ್ದ ವಿದೇಶಿ ಪ್ರವಾಸಿಗಳನ್ನು ತಡೆದು ಪೊಲೀಸರಿಗೆ ಒಪ್ಪಿಸಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅವರ ಊರಿನಲ್ಲಿ ಅದು ಬೆಟ್ಟ ಹತ್ತುವವರು ಸಲೀಸಾಗಿ ಇಟ್ಟುಕೊಳ್ಳುವ ವಸ್ತು. ಇಲ್ಲಿ ಅನುಮತಿ ಇಲ್ಲದೆ ಇಟ್ಟುಕೊಂಡರೆ ಅಪರಾಧ. ನೇಪಾಳದ ಟ್ರೆಕ್ಕಿಂಗ್‌ಗೆ ಹೊರಡುವ ಪುಣೆಯ ಹುಡುಗರು ಇದನ್ನು ನೆನಪಿಡಬೇಕು. ಸಹ್ಯಾದ್ರಿಯ ಕೋಟೆ ಹತ್ತುವಾಗ ಸೊಂಟಕ್ಕೆ ಸಿಕ್ಕಿಸುವ ಹ್ಯಾಂಡಿಯನ್ನು ಹಾಗೇ ಕಾಠ್ಮಂಡುವಿಗೆ ಒಯ್ಯುವುದು ಬೇಡ.

ಹಡಗಿನವರಿಗೆ ಬೇರೆ ಲೆಕ್ಕ. ಮೊದಲು ಕ್ಯಾಪ್ಟನ್ ಒಪ್ಪಬೇಕು. ಹಡಗು ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶದ ಕಾನೂನು ನಡು ಸಮುದ್ರದಲ್ಲಿ ಅನ್ವಯ. ನಿಮ್ಮ ಪಾಸ್‌ಪೋರ್ಟ್ ಭಾರತದ್ದು, ಹಡಗಿನ ಬಾವುಟ ಪನಾಮಾದ್ದು ಅಂದರೆ ಪನಾಮಾದ ಅನುಮತಿ ಕೇಳಬೇಕು. ಬಂದರಿಗೆ ಬಂದಾಗ, ಯಾವುದೇ ದೇಶದ ಕರಾವಳಿ ನೀರಿನೊಳಗೆ ಬಂದಾಗ ಆ ದೇಶದ ಅನುಮತಿ ಇಲ್ಲದಿದ್ದರೆ ರಿಗ್ ಆಫ್ ಮಾಡಿ.

ಬ್ಯಾಗು ಕಟ್ಟುವಾಗ

ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ, ಚೆಕ್-ಇನ್ ಬ್ಯಾಗಿನಲ್ಲಿ ಅಲ್ಲ. 100 ವಾಟ್-ಅವರ್ ಒಳಗಿದ್ದರೆ ಕೇಳುವವರಿಲ್ಲ, 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಲೆಕ್ಕ ಸುಲಭ, ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ. 12.8 ವೋಲ್ಟಿನ 6 ಆಂಪಿಯರ್-ಅವರ್ ಬ್ಯಾಟರಿ 76.8 ಆಯಿತು, ನಡೆಯುತ್ತದೆ. 9 ಆಂಪಿಯರ್-ಅವರ್ ಆದರೆ 115 ದಾಟುತ್ತದೆ. ಈ ಅಂಕಿ ಬ್ಯಾಟರಿಯ ಮೇಲೆ ಅಚ್ಚಾಗಿರಲಿ, ತುದಿಗಳಿಗೆ ಟೇಪ್ ಸುತ್ತಿ. ಕೈಯಿಂದ ಕಟ್ಟಿದ ಪ್ಯಾಕ್ ನೋಡಿದರೆ ಸೆಕ್ಯುರಿಟಿಯವರು ಖಂಡಿತ ನಿಲ್ಲಿಸುತ್ತಾರೆ.

ಹೊರಡುವ ದಿನ ಒಂದು ಗಂಟೆ ಮುಂಚೆಯೇ ಹೋಗಿ, ಕಸ್ಟಮ್ಸ್ ಕೌಂಟರಿನಲ್ಲಿ ರಿಗ್ಗಿನ ಮಾಡೆಲ್, ಸೀರಿಯಲ್ ನಂಬರ್ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ವಾಪಸ್ ಬರುವಾಗ ನಿಮ್ಮದೇ ಹಳೇ ರಿಗ್ಗಿಗೆ ಸುಂಕ ಕೇಳಬಹುದು. ಅಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಹೊಸ ರಿಗ್ ಕೊಂಡುಬರುವ ಆಸೆ ಇದ್ದರೆ ಮೊದಲು ಡಬ್ಲ್ಯೂಪಿಸಿಯ ಆಮದು ಅನುಮತಿಯ ಕೆಲಸ ಮುಗಿಸಿ, ಆಮೇಲೆ ಅಂಗಡಿಗೆ ಹೋಗಿ.

ಮತ್ತೊಂದು. ವಿಯು3 ಇರುವವರು ಯಾವ ದಾರಿ ಹಿಡಿದರೂ ಮೊದಲು ಇಲ್ಲಿನ ಜನರಲ್ ಗ್ರೇಡಿಗೆ, ಅಂದರೆ ವಿಯು2ಕ್ಕೆ ಏರಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಬೇರೆ ದೇಶದ ಅಧಿಕಾರಿ ನಿಮ್ಮ ಅರ್ಜಿ ನೋಡುವಾಗ ನಿಮ್ಮ ಗ್ರೇಡು ಅವರ ಯಾವ ಗ್ರೇಡಿಗೆ ಸಮ ಅಂತಲೇ ನೋಡುತ್ತಾರೆ. "ರೆಸ್ಟ್ರಿಕ್ಟೆಡ್" ಅನ್ನುವ ಪದ ಅಲ್ಲಿ ನಿಮಗೆ ಸಹಾಯ ಮಾಡುವುದಿಲ್ಲ. ಇಲ್ಲಿನ ಜನರಲ್‌ಗೆ ನಿಮಿಷಕ್ಕೆ 8 ಪದದ ಮೋರ್ಸ್ ಬೇಕು. ದಿನಾ ಇಪ್ಪತ್ತು ನಿಮಿಷ ಕೂತರೆ ನಾಲ್ಕೈದು ತಿಂಗಳ ಕೆಲಸ.

ಡೊಂಬಿವಲಿಯ ಗೆಳೆಯ ಕೊನೆಗೆ ರೇಡಿಯೊ ಬಿಟ್ಟೇ ಹೋದ. ಲಂಡನ್ನಿನಲ್ಲಿ ಟೂರಿನವರು ಶಾಪಿಂಗ್‌ಗೆ ಬಿಟ್ಟ ಅರ್ಧ ದಿನ ರೈಲು ಹಿಡಿದು ಬ್ಲೆಚ್ಲಿಗೆ ಹೋದ. ಅಲ್ಲಿನ ಹಿರಿಯರೊಬ್ಬರು ಲೈಸೆನ್ಸ್ ನೋಡಿ, ಕುರ್ಚಿ ಎಳೆದು ಕೊಟ್ಟು, ಪಕ್ಕದಲ್ಲೇ ನಿಂತು ಮೈಕ್ ಕೈಗಿಟ್ಟರಂತೆ. ಏಳು ಸಂಪರ್ಕ. ಏಳನ್ನೂ ಟೂರಿನ ಅದೇ ಕಾಗದದ ಹಿಂದೆ ಬರೆದುಕೊಂಡು ಬಂದಿದ್ದಾನೆ. ಈಗ ಬೆಳಿಗ್ಗೆ 7.12ರ ಲೋಕಲ್‌ನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿ ಮೋರ್ಸ್ ಕೇಳುತ್ತಾನೆ. ಠಾಣೆ ಬರುವ ಹೊತ್ತಿಗೆ ಒಂದು ಪಾಠ ಮುಗಿಯುತ್ತದಂತೆ. ಮೊನ್ನೆ ಫೋನ್ ಮಾಡಿದ್ದ, ನಿಮಿಷಕ್ಕೆ 5 ಪದಕ್ಕೆ ಬಂದಿದ್ದಾನೆ.